ಗೇಟಿನ ಹೊರಗಿನ ಮೊದಲ ಪಿರಿಯಡ್

ಜೂನ್ ಎರಡು, ಸೋಮವಾರ. ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಇಷ್ಟು ವರ್ಷ ಈ ಹೊತ್ತಿಗೆ ಕೊರಳಿಗೆ ಸೀಟಿ ಹಾಕಿಕೊಂಡು ಬೂಟಿನ ಲೇಸು ಕಟ್ಟುತ್ತಿದ್ದೆ. ಈಗ ಬೂಟು ಕಪಾಟಿನಲ್ಲಿದೆ, ದಿನಚರಿಗಳು ಮೇಜಿನ ಮೇಲಿವೆ. ಇಪ್ಪತ್ತಮೂರನೇ ವಯಸ್ಸಿಗೆ ಕೆಲಸಕ್ಕೆ ಸೇರಿದ ದಿನದಿಂದ ಬಿಡದೆ ಬರೆದವು. ತಾರೀಖು, ತರಗತಿ, ಮೈದಾನಕ್ಕೆ ಬಂದವರೆಷ್ಟು, ಗೆದ್ದವರಾರು, ಯಾರ ಮೊಣಕಾಲು ತರಚಿತು, ಅಷ್ಟೇ. ಮನಸ್ಸಿನ ಮಾತು ಬರೆಯುವ ಅಭ್ಯಾಸ ನನಗಿರಲಿಲ್ಲ. ಇಂದು ಅದನ್ನೂ ಸ್ವಲ್ಪ ಬರೆಯುತ್ತೇನೆ.

ನಮ್ಮದು ಬಳ್ಳಾರಿಯ ಬ್ರೂಸ್‌ಪೇಟೆಯ ಹಿಂದಿನ ಓಣಿಯಲ್ಲಿರುವ ಹಳೆಯ ಖಾಸಗಿ ಹೆಣ್ಣುಮಕ್ಕಳ ಶಾಲೆ. ಅಜ್ಜಿ, ತಾಯಿ, ಮಗಳು ಮೂವರೂ ಇಲ್ಲೇ ಓದಿದ ಮನೆಗಳು ಊರಿನಲ್ಲಿ ಬೇಕಾದಷ್ಟಿವೆ. ಕಳೆದ ತಿಂಗಳು ನಿವೃತ್ತಳಾಗುವವರೆಗೆ ನಾನು ಅಲ್ಲಿನ ದೈಹಿಕ ಶಿಕ್ಷಣ ಶಿಕ್ಷಕಿ, ಹುಡುಗಿಯರ ಬಾಯಲ್ಲಿ ಡ್ರಿಲ್ ಟೀಚರ್. ನನ್ನ ಜಾಗಕ್ಕೆ ಈ ವರ್ಷ ಬಂದಿರುವ ಹುಡುಗಿ ಮೊನ್ನೆ ಮನೆಗೆ ಬಂದು, “ಟೀಚರ್, ಈ ಕೆಲಸದಾಗ ಖರೇನ ಏನೈತ್ರಿ? ಪುಸ್ತಕದಾಗ ಇಲ್ಲದ್ದು ಹೇಳ್ರಿ,” ಎಂದು ಕೇಳಿದಳು. ಚಹ ಕುಡಿದು ಮುಗಿಸುವಷ್ಟರಲ್ಲಿ ಹೇಳುವ ಮಾತಲ್ಲ ಅದು. ಅದಕ್ಕೇ ಈ ಪತ್ರಿಕೆಗೆ ಬರೆಯುತ್ತಿದ್ದೇನೆ.

ಮೊದಲು ಗೇಟಿನ ಸಂಗತಿ. ನಮ್ಮ ಶಾಲೆಯಲ್ಲಿ ಬೆಳಗಿನ ಗಂಟೆ ಬಾರಿಸಿದ ಕೂಡಲೇ ಗೇಟಿಗೆ ಬೀಗ ಬೀಳುತ್ತದೆ. ತಡವಾಗಿ ಬಂದವರು ಮನೆಗೆ ಹೋಗಬೇಕು, ಆ ದಿನ ಗೈರುಹಾಜರಿ. ಇದು ಯಾವಾಗಿನಿಂದ ಬಂದ ಪದ್ಧತಿಯೋ ನನಗೆ ತಿಳಿಯದು. ಕೆಲಸಕ್ಕೆ ಸೇರಿದ ಮೊದಲ ದಿನ ನಾನೇ ಹೊರಗೆ ಉಳಿದೆ. ಕಾವಲುಗಾರ ಹುಸೇನಪ್ಪ ಸರಳುಗಳ ಆಚೆಯಿಂದ ನನ್ನನ್ನು ನೋಡಿ, “ಬೀಗ ಬಿತ್ತವ್ವ, ನಾಳೆ ಬಾ,” ಎಂದ.

“ನಾನು ಹುಡುಗಿ ಅಲ್ಲಪ್ಪ, ಹೊಸ ಟೀಚರು.”

“ಟೀಚರ್ ಅಂದಮ್ಯಾಲೆ ಇನ್ನಾ ಮೊದ್ಲ ಬರಬೇಕಲ್ಲವ್ವ.”

ಮರುದಿನ ಬೀಗ ತೆಗೆಯುವ ಮೊದಲೇ ಹೋಗಿ ನಿಂತೆ. ಆಗಿನ ಮುಖ್ಯೋಪಾಧ್ಯಾಯಿನಿ ಕಮಲಾಬಾಯಿ ನನ್ನನ್ನು ಬೈಯಲಿಲ್ಲ. ಕೂರಿಸಿ ಹೇಳಿದರು: “ನೋಡವ್ವ, ಬೀಗ ಬಿದ್ದ ಮ್ಯಾಲೆ ನಮ್ಮ ಹುಡುಗಿ ಸಾಲ್ಯಾಗರ ಇರಬೇಕು, ಮನ್ಯಾಗರ ಇರಬೇಕು. ಮೂರನೇ ಜಾಗ ಅನ್ನೋದು ಇರಬಾರದು. ತಂದಿ-ತಾಯಿ ನಮ್ಮನ್ನ ನಂಬಿರೋದು ಇದಕ್ಕ.” ಆ ಮಾತು ನನಗೆ ಸರಿಯೆನಿಸಿತ್ತು. ಈಗಲೂ ಸರಿಯೆಂದೇ ಅನಿಸುತ್ತದೆ.

ಎರಡನೆಯದು ಬೇವಿನ ಮರಗಳ ಸಂಗತಿ. ಶಾಲೆಯ ಅಂಗಳ ಸಣ್ಣದು. ಎರಡು ದೊಡ್ಡ ಬೇವಿನ ಮರಗಳ ನಡುವೆ ಸುಣ್ಣದ ಗೆರೆ ಎಳೆದು ಥ್ರೋಬಾಲ್ ಕೋರ್ಟು ಮಾಡಿದ್ದೆವು. ಬಳ್ಳಾರಿಯ ಬಿಸಿಲಿನಲ್ಲಿ ನೆರಳು ಇದೆಯಲ್ಲ ಎಂದು ನಾನು ಹಿಗ್ಗಿದ್ದೆ. ಆ ವರ್ಷ ವಲಯ ಮಟ್ಟದ ಆಟ ಕುರುಗೋಡಿನಲ್ಲಿ ನಡೆಯಿತು. ಸುತ್ತ ಒಂದು ಗಿಡವಿಲ್ಲದ ಬಯಲು. ಎದುರಿನ ತಂಡದವರು ಚೆಂಡನ್ನು ಎತ್ತರಕ್ಕೆ ಎಸೆದರು. ನಮ್ಮ ಹುಡುಗಿಯರು ಕತ್ತೆತ್ತಿ ಕೈ ಚಾಚಿ ನಿಂತಲ್ಲೇ ನಿಂತರು. ಚೆಂಡು ಅವರ ಹಿಂದೆ ಹೋಗಿ ಬಿತ್ತು. ಮತ್ತೊಮ್ಮೆ ಹಾಗೆಯೇ. ಮಗದೊಮ್ಮೆ ಹಾಗೆಯೇ. ನಮ್ಮ ಅಂಗಳದಲ್ಲಿ ಎತ್ತರಕ್ಕೆ ಹೋದ ಚೆಂಡು ಕೊಂಬೆಗೆ ಬಡಿದು ನೆಟ್ಟಗೆ ಕೆಳಗೆ ಬೀಳುತ್ತಿತ್ತು. ಅವರು ಕೊಂಬೆಗಾಗಿ ಕಾಯುತ್ತಿದ್ದರು.

ಗೆರೆಯ ಪಕ್ಕ ಟವೆಲು ಹೊದ್ದು ಕೂತಿದ್ದ ಮುದುಕನೊಬ್ಬ ಕೇಳಿದ: “ಯಾಕ್ರವ್ವ, ಚೆಂಡು ಹಿಡಿಯಾಕ ಬಂದೀರೋ, ದರ್ಶನ ಮಾಡಾಕ ಬಂದೀರೋ?”

ನಮ್ಮ ನಾಯಕಿ ಸಿಟ್ಟಿನಿಂದ ನನ್ನ ಕಡೆ ತಿರುಗಿ, “ಟೀಚರ್, ಇಲ್ಲಿ ಟೊಂಗೀನ ಇಲ್ಲಲ್ರಿ,” ಎಂದಳು.

ಎರಡೂ ಸೆಟ್ ಹೋದವು. ಅಂಕ ಬರೆದಿಟ್ಟಿದ್ದೇನೆ, ಇಲ್ಲಿ ಹೇಳುವುದಿಲ್ಲ. ಊರಿಗೆ ಬಂದವಳೇ, ರಸ್ತೆಯಾಚೆಗಿದ್ದ ಬಯಲು ಮೈದಾನಕ್ಕೆ ಹುಡುಗಿಯರನ್ನು ಕರೆದೊಯ್ಯಲು ಕಮಲಾಬಾಯಿಯವರ ಅನುಮತಿ ಕೇಳಿದೆ. ಬೀಗ ಹಾಕಿದ ಮೇಲೆ ಗೇಟು ತೆಗೆಯುವ ಪ್ರಶ್ನೆ ಅದು. ಎರಡು ದಿನ ಯೋಚಿಸಿ ಅವರು ಹೇಳಿದರು: “ಲೈನ್ ಮಾಡ್ಕೊಂಡು ಹೋಗ್ರಿ, ಲೈನ್ ಮಾಡ್ಕೊಂಡು ಬರ್ರಿ. ಮುಂದೊಬ್ಬ ಟೀಚರ್ ಇರಬೇಕು. ಲೈನಿಗೆ ಬೀಗ ತೆಗೀಬಹುದು. ಒಬ್ಬರಿಗೆ, ಇಬ್ಬರಿಗೆ ತೆಗಿಯಂಗಿಲ್ಲ.”

ಮುಂದಿನ ವರ್ಷವೇ ಫಲ ಸಿಕ್ಕಿತು. ಕೊಂಬೆ ತಪ್ಪಿಸಿ ಎಸೆದು ರೂಢಿಯಾಗಿದ್ದ ನಮ್ಮವರ ಕೈಯಿಂದ ಚೆಂಡು ಬಲೆಯ ಮೇಲಂಚು ಸವರಿಕೊಂಡು ಗುಂಡಿನಂತೆ ಹೋಗುತ್ತಿತ್ತು. ಎತ್ತರದ್ದನ್ನು ಹಿಡಿಯುವುದನ್ನು ಬಯಲಿನಲ್ಲಿ ಕಲಿತಿದ್ದರು. ಕಪ್ ಗೆದ್ದು, ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಂದೆವು. ಅದರಲ್ಲಿ ಶೇಂಗಾ ಹಾಕಿ ಎಲ್ಲರಿಗೂ ಹಂಚಿದ್ದು ದಿನಚರಿಯಲ್ಲಿದೆ. ಹೊಸಬರಿಗೆ ನನ್ನ ಮೊದಲ ಮಾತು ಇದೇ. ನಿಮ್ಮ ಅಂಗಳದ ಕೊರತೆ ಹುಡುಗಿಯರ ಕೈಗೆ ಏನನ್ನೋ ಕಲಿಸಿರುತ್ತದೆ. ಅದನ್ನು ಬಿಡಿಸಲು ಹೋಗಬೇಡಿ, ಇಲ್ಲದ್ದನ್ನು ಸೇರಿಸಿ.

ಕೆಲಸದ ರೀತಿ ಬಹಳ ಬದಲಾಯಿತು. ನಾನು ಸೇರಿದಾಗ ಹುಡುಗಿಯರು ಉದ್ದ ಲಂಗ ಮೊಣಕಾಲಿಗೆ ಸಿಕ್ಕಿಸಿಕೊಂಡು ಓಡುತ್ತಿದ್ದರು, ಕಟ್ಟಿಗೆಯ ಡಂಬೆಲ್ಸು, ಲೇಜಿಮ್ಮು ಇದ್ದವು. ಈಗ ಟ್ರ್ಯಾಕ್ ಪ್ಯಾಂಟು, ಸ್ಪೀಕರು, ಯೋಗದ ಚಾಪೆ. ಲೇಜಿಮ್ಮಿನ ಸದ್ದು ಹೋದದ್ದಕ್ಕೆ ನನಗೆ ಬೇಸರವಿದೆ, ಲಂಗ ಹೋದದ್ದಕ್ಕೆ ಇಲ್ಲ. ಒಂದನ್ನು ಮಾತ್ರ ಕಡೆಯವರೆಗೂ ಬದಲಿಸಲಿಲ್ಲ. ಹೊಟ್ಟೆನೋವು ಎಂದವಳನ್ನು ಯಾಕೆ ಎಂದು ಕೇಳಬಾರದು. ಬೇವಿನ ಕೆಳಗೆ ಕೂರಿಸಿ ಅಂಕ ಬರೆಯಲು ಹಚ್ಚಬೇಕು. ಹಾಗೆ ಅಂಕ ಬರೆಯುತ್ತ ಆಟದ ನಿಯಮಗಳನ್ನೆಲ್ಲ ಕಲಿತವಳೊಬ್ಬಳು ಇಂದು ಅಂಪೈರ್ ಆಗಿದ್ದಾಳೆ.

ಈಗ ನಿಜವಾಗಿ ಹೇಳಬೇಕಾದದ್ದು. ನನ್ನ ನಿವೃತ್ತಿಗೆ ಎರಡು ವರ್ಷ ಮೊದಲಿನ ಜೂನ್ ತಿಂಗಳಲ್ಲಿ ಶಾಲೆಯ ಹಾಸ್ಟೆಲಿನ ಮಾಳಿಗೆ ಬಿರುಕು ಬಿಟ್ಟಿತು. ನೋಡಿದ ಎಂಜಿನಿಯರು ಇಲ್ಲಿ ಯಾರೂ ಮಲಗಕೂಡದು ಎಂದರು. ಹಾಸ್ಟೆಲಿನಲ್ಲಿದ್ದವರಲ್ಲಿ ಹೆಚ್ಚಿನವರು ಶಾಲೆ ಬಿಟ್ಟು ತಮ್ಮ ಊರಿನ ಶಾಲೆಗೆ ಸೇರಿದರು. ಹತ್ತನೇ ತರಗತಿಯ ಮೂವರು ಮಾತ್ರ ಬಸ್ಸಿನಲ್ಲಿ ಓಡಾಡಿಯಾದರೂ ಇಲ್ಲೇ ಓದುತ್ತೇವೆ ಎಂದರು. ಇಬ್ಬರು ಕುರುಗೋಡಿನವರು, ಒಬ್ಬಳು ಸಿರುಗುಪ್ಪದ ಹುಲಿಗೆಮ್ಮ.

ಕುರುಗೋಡು ಹತ್ತಿರ. ಆ ಇಬ್ಬರು ಅಪರೂಪಕ್ಕೆ ತಡವಾಗುತ್ತಿದ್ದರು. ಸಿರುಗುಪ್ಪದ ದಾರಿ ಉದ್ದ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಮೊದಲ ಬಸ್ಸು ಸಿರುಗುಪ್ಪಕ್ಕೆ ಬರುವಾಗಲೇ ಬಾಗಿಲವರೆಗೆ ತುಂಬಿರುತ್ತಿತ್ತು. ಎರಡನೆಯ ಬಸ್ಸು ಹಿಡಿದರೆ ನಮ್ಮ ಗೇಟಿಗೆ ಬರುವಷ್ಟರಲ್ಲಿ ಬೀಗ ಬಿದ್ದು ಹತ್ತು ನಿಮಿಷ ಆಗಿರುತ್ತಿತ್ತು.

ಒಂದು ದಿನ ತಂಡಕ್ಕೆ ಹೊಸ ಚೆಂಡು ತರಲು ಹೊರಗೆ ಹೋದಾಗ ನಾನು ಹುಲಿಗೆಮ್ಮನನ್ನು ಕಂಡೆ. ಎದುರಿನ ಝೆರಾಕ್ಸ್ ಅಂಗಡಿಯ ಕಟ್ಟೆಯ ಮೇಲೆ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಲೆಕ್ಕ ಮಾಡುತ್ತಿದ್ದಳು.

“ಮನಿಗಿ ಹೋಗಲಿಲ್ಲೇನು?”

“ಬಸ್ಸು ಹನ್ನೊಂದಕ್ಕೈತ್ರಿ ಟೀಚರ್.”

“ಅಲ್ಲೀತನಕ ಇಲ್ಲೇ ಕುಂದ್ರತೀಯಾ?”

“ಹೌದ್ರಿ. ಗಣಿತ ಟೀಚರ್ ದನಿ ಕಿಟಕ್ಯಾಗಿಂದ ಇಲ್ಲಿಗಿ ಕೇಳ್ತೈತ್ರಿ. ಸಮಾಜ ಟೀಚರ್ದು ಕೇಳಂಗಿಲ್ರಿ, ಭಾಳ ಮೆತ್ತಗ ಮಾತಾಡ್ತಾರ.”

ಅವಳು ಅದನ್ನು ದೂರಿನಂತೆ ಹೇಳಲಿಲ್ಲ. ಆ ಸಂಜೆ ಹಾಜರಿ ನೋಡಿದೆ. ಜೂನ್, ಜುಲೈ, ಆಗಸ್ಟ್ ಸೇರಿ ಮೂವತ್ತೇಳು ದಿನ ಗೈರು. ವರ್ಷದಲ್ಲಿ ಮುಕ್ಕಾಲು ಪಾಲು ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇದೇ ರೀತಿ ನಡೆದರೆ ದೀಪಾವಳಿಯ ಹೊತ್ತಿಗೆ ಹುಲಿಗೆಮ್ಮನ ಹತ್ತನೇ ತರಗತಿ ಮುಗಿದುಹೋಗುತ್ತಿತ್ತು. ಅವಳು ತರಗತಿಯಲ್ಲಿ ಗಣಿತಕ್ಕೆ ಮೊದಲನೆಯವಳು.

ಭಾನುವಾರ ಸಿರುಗುಪ್ಪಕ್ಕೆ ಹೋದೆ. ತಾಯಿ ಈರಮ್ಮ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಳು. ತಲೆಯ ಮೇಲಿನ ತೌಡು ಕೊಡವಿಕೊಂಡು ಹೊರಗೆ ಬಂದಳು. ಬಸ್ಸು ತಡವಾಗಿ ಹುಡುಗಿ ಗೇಟಿನ ಹೊರಗೆ ಉಳಿಯುತ್ತಿರುವುದನ್ನು ಹೇಳಿ, ಅವಳನ್ನು ಪರೀಕ್ಷೆಯವರೆಗೆ ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದೆ.

“ಟೀಚರಮ್ಮ, ನಿಮ್ಮ ಮನಸು ದೊಡ್ದು. ಆದ್ರ ಹಾಸ್ಟೆಲ್ ಬ್ಯಾರೆ, ಮಂದಿ ಮನಿ ಬ್ಯಾರೆ. ಆಕಿ ನಾಯ್ನ ಒಪ್ಪಂಗಿಲ್ಲ,” ಎಂದಳು. ಆ ಕಡೆ ಅಪ್ಪನಿಗೆ ತೆಲುಗಿನ ಹಾಗೆ ನಾಯ್ನ ಎನ್ನುತ್ತಾರೆ. “ಇಲ್ಲೇ ಸಾಲಿಗಿ ಹಾಕು ಅಂತ ಅಂವ ದಿನಾ ಅಂತಾನ. ನಾನ ಬಿಟ್ಟಿಲ್ಲ. ಐದನೇತ್ತಿಂದ ಆ ಸಾಲ್ಯಾಗ ಅದಾಳ, ಹತ್ತನೇತ್ತಾಗ ಬಿಡಸ್ಲಾ? ಆ ಬಸ್ಸು ನನ್ ಮಾತು ಕೇಳಂಗಿದ್ರ ಕಿವಿ ಹಿಡಕೊಂಡು ನಿಮ್ ಗೇಟಿಗೆ ತಂದು ನಿಲ್ಲಸ್ತಿದ್ದೆ.”

ಆಗಿನ ಮುಖ್ಯೋಪಾಧ್ಯಾಯಿನಿ ಸುಮಂಗಲಾ ನಮ್ಮಲ್ಲೇ ಓದಿದವರು. ಚಿಕ್ಕಂದಿನಲ್ಲಿ ನನ್ನ ಸೀಟಿಗೆ ಓಡಿದವರು, ಆದರೂ ಕುರ್ಚಿಯಲ್ಲಿ ಕೂತಾಗ ಅವರು ನನ್ನ ಮೇಲಧಿಕಾರಿ. ಗೇಟು ತೆಗೆಸಿರೆಂದು ಕೇಳಿದೆ. “ಟೀಚರ್, ಮೂವರಿಗೆ ತೆಗದ್ರ ನಾಳಿಗಿ ಮೂವತ್ತು ಮಂದಿ ಬರ್ತಾರ. ಬ್ರೂಸ್‌ಪೇಟ್ಯಾಗ ಇರೋರೂ ಬಸ್ಸು ತಡ ಅಂತಾರ,” ಎಂದರು. ಅದೂ ಸುಳ್ಳಲ್ಲ.

ಆ ವಾರವೆಲ್ಲ ವೇಳಾಪಟ್ಟಿ ಮುಂದಿಟ್ಟುಕೊಂಡು ಕೂತೆ. ಹತ್ತನೇ ತರಗತಿಗೆ ವಾರಕ್ಕೆ ಎರಡು ಡ್ರಿಲ್ ಪಿರಿಯಡ್, ಒಟ್ಟು ತೊಂಬತ್ತು ನಿಮಿಷ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಹದಿನೈದು. ಸೋಮವಾರ ಹೊಸ ಪಟ್ಟಿಯನ್ನು ಸುಮಂಗಲಾ ಅವರ ಮುಂದಿಟ್ಟೆ. ದಿನದ ಮೊದಲ ಹದಿನೈದು ನಿಮಿಷ ಹತ್ತನೇ ತರಗತಿಗೆ ಡ್ರಿಲ್, ಮೈದಾನದಲ್ಲಿ. ಪ್ರಾರ್ಥನೆಯೂ ಅಲ್ಲೇ.

ಅವರು ಪಟ್ಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟರು. “ಮೈದಾನ ಅಂದ್ರ ರಸ್ತೆ ಆಚೀಕಿಂದ?”

“ಹೌದ್ರಿ.”

“ಗೇಟಿನ ಹೊರಗ.”

“ಗೇಟಿನ ಹೊರಗರಿ.”

“ಹಾಜರಿ ಎಲ್ಲಿ ಕರೀತೀರಿ?”

“ತರಗತಿ ಎಲ್ಲಿರ್ತೈತೋ ಅಲ್ಲೇ ಕರೀಬೇಕಲ್ರಿ. ಡ್ರಿಲ್ ಮುಗಿಸಿ ಲೈನ್ ಮಾಡ್ಕೊಂಡು ಒಳಗ ಬರ್ತೀವಿ. ಲೈನಿಗೆ ಬೀಗ ತೆಗೆಯೋದು ಕಮಲಾಬಾಯಿಯವರ ಕಾಲದಿಂದ ಐತಿ.”

ಅವರು ಕಿಟಕಿಯ ಕಡೆ ತಿರುಗಿದರು. ನಗುತ್ತಿದ್ದರೋ ಏನೋ, ಮುಖ ನನಗೆ ಕಾಣಲಿಲ್ಲ. “ಬಿಸ್ಲು ಏರೋದ್ರೊಳಗ ಡ್ರಿಲ್ ಮುಗಿಯೋದು ಒಳ್ಳೇದ ಬಿಡ್ರಿ,” ಎಂದು ಸಹಿ ಹಾಕಿದರು. ಬಳ್ಳಾರಿಯಲ್ಲಿ ಬಿಸಿಲಿನ ಕಾರಣಕ್ಕೆ ಎದುರು ಹೇಳುವವರಿಲ್ಲ.

ಮರುದಿನದಿಂದ ಹೊಸ ಕ್ರಮ. ಗಂಟೆ ಬಾರಿಸುತ್ತಿತ್ತು, ಬೀಗ ಬೀಳುತ್ತಿತ್ತು, ನಾವು ಹೊರಗೆ ಡ್ರಿಲ್ ಮಾಡುತ್ತಿದ್ದೆವು. ಹತ್ತನೇ ನಿಮಿಷದ ಸುಮಾರಿಗೆ ಓಣಿಯ ತುದಿಯಲ್ಲಿ ಹುಲಿಗೆಮ್ಮ ಓಡುತ್ತ ಬರುತ್ತಿದ್ದಳು. ತಡವಾದದ್ದಕ್ಕೆ ಮೈದಾನ ಒಂದು ಸುತ್ತು ಹಾಕಬೇಕೆಂಬ ನಿಯಮ ಮಾಡಿದ್ದೆ. ಓಡಿ ಬಂದು ಸಾಲಿನ ಕೊನೆಗೆ ನಿಲ್ಲುತ್ತಿದ್ದಳು. ನಾನು ಹಾಜರಿ ಕರೆಯುತ್ತಿದ್ದೆ. ಹುಸೇನಪ್ಪ ನಿವೃತ್ತನಾಗಿ ಅವನ ಮಗ ಕಾವಲಿಗೆ ಬಂದಿದ್ದ. ಅವನು ದಿನವೂ ಬೀಗ ತೆಗೆಯುತ್ತ, “ಲೈನ್ ಐತೇನ್ರಿ ಟೀಚರ್?” ಎಂದು ಕೇಳುತ್ತಿದ್ದ. ಐತಿ ಎಂದರೆ ಗೇಟು ತೆರೆಯುತ್ತಿತ್ತು.

ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಹುಲಿಗೆಮ್ಮನ ಗೈರುಹಾಜರಿ ನಾಲ್ಕೇ ದಿನ, ಅದೂ ಜ್ವರದ್ದು.

ಒಂದು ತೊಂದರೆ ಹುಡುಗಿಯರಿಗೆ ನನಗಿಂತ ಮೊದಲು ಕಂಡಿತು. ಉಳಿದವರೆಲ್ಲ ಬ್ಯಾಗನ್ನು ಒಳಗೆ ತರಗತಿಯಲ್ಲಿಟ್ಟು ಬರುತ್ತಿದ್ದರು. ಬಸ್ಸಿನಿಂದ ನೇರ ಬರುವ ಹುಲಿಗೆಮ್ಮನ ಬೆನ್ನ ಮೇಲೆ ಮಾತ್ರ ಬ್ಯಾಗು. ದೂರದಿಂದಲೇ ತಿಳಿಯುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಇಡೀ ತರಗತಿ ಬ್ಯಾಗು ಹೊತ್ತುಕೊಂಡು ಮೈದಾನಕ್ಕೆ ಬಂದಿದೆ.

“ಇದೇನ್ರೇ ಇದು?” ಎಂದೆ.

“ಒಳಗ ಇಟ್ರ ಕೋತಿ ಬರ್ತಾವ್ರಿ ಟೀಚರ್,” ಎಂದಳು ಕುರುಗೋಡಿನ ಬಸಮ್ಮ. ಉಳಿದವರು ತುಟಿ ಕಚ್ಚಿಕೊಂಡು ನಿಂತರು.

“ಲೇ, ಕೈ ಮ್ಯಾಲೆತ್ತಿದ್ರ ಡಬ್ಬ್ಯಾಗಿನ ಸಾರು ಸೋರಾಕತ್ತೈತಿ,” ಎಂದು ಹಿಂದಿನಿಂದ ಒಬ್ಬಳು ಗೊಣಗಿದಳು.

ಅದೇ ಹೊತ್ತಿನಲ್ಲಿ, ಜನವರಿಯ ಮೊದಲ ವಾರ, ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಬಂದರು. ವೃತ್ತಿಯಿಂದ ವಕೀಲರು, ಗೇಟಿನ ಪದ್ಧತಿಯೆಂದರೆ ಪ್ರಾಣ. ಕಾರು ಇಳಿದು ಮೈದಾನದ ಅಂಚಿಗೆ ಬಂದು ನಿಂತರು.

“ಇದೇನು ಡ್ರಿಲ್ರಿ, ಬ್ಯಾಗ್ ಹೊತ್ಕೊಂಡು?”

ಬಸಮ್ಮ ಎದೆಯುಬ್ಬಿಸಿ, “ಮಿಲಿಟ್ರಿಯವ್ರು ಹಿಂಗ ಮಾಡ್ತಾರ್ರಿ ಸಾರ್,” ಎಂದಳು.

ಅವರಿಗೆ ನಗು ಬಂತು. ಆದರೆ ಅಷ್ಟರಲ್ಲೇ ಹುಲಿಗೆಮ್ಮ ಓಡಿ ಬಂದು, ಸುತ್ತು ಹಾಕಿ, ಸಾಲಿಗೆ ಸೇರಿದಳು. ನಾನು ಎಂದಿನಂತೆ ಹಾಜರಿ ಕರೆದೆ. ಅವರ ಮುಖದಿಂದ ನಗು ಹೋಯಿತು. ಏನೆಂದು ಕೇಳಿದರು. ನಾನು ಒಂದನ್ನೂ ಬಚ್ಚಿಡದೆ ಹೇಳಿದೆ. ಶನಿವಾರ ಸಭೆಯೆಂದು ಹೇಳಿ ಹೊರಟರು. ಬೀಗ ಬಿದ್ದ ಮೇಲೆ ಬಂದವಳಿಗೆ ಕೊಟ್ಟ ಹಾಜರಿಯನ್ನೆಲ್ಲ ರದ್ದು ಮಾಡಬೇಕೆಂಬುದು ಅವರ ನಿಲುವು. ಹಾಗಾದರೆ ಹುಲಿಗೆಮ್ಮನ ಪರೀಕ್ಷೆ ಹೋಯಿತು.

ಶನಿವಾರ ಕಾರ್ಯದರ್ಶಿಗಳು, ಮಂಡಳಿಯ ಇಬ್ಬರು ಹಿರಿಯರು, ಸುಮಂಗಲಾ, ನಾನು. ಈರಮ್ಮ ಅರ್ಧ ದಿನದ ಕೆಲಸ ಬಿಟ್ಟು ಬಂದಿದ್ದಳು. ಕೂರೆಂದರೂ ಕೂರದೆ ಬಾಗಿಲ ಬಳಿ ನಿಂತಿದ್ದಳು.

ಕಾರ್ಯದರ್ಶಿಗಳು, “ಟೀಚರ್, ನಿಯಮಕ್ಕ ಕಿಂಡಿ ಕೊರದ್ರಲ್ಲ,” ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಂಗಲಾ ಹೇಳಿದರು: “ಸಾರ್, ಸಹಿ ನಂದು. ಕೇಳೋದಿದ್ರ ನನ್ನ ಕೇಳ್ರಿ. ಮೊದ್ಲು ನಾ ಒಂದು ಕೇಳ್ಲಾ? ಈ ಬೀಗ ಯಾಕ ಹಾಕ್ತೀವಿ ನಾವು?”

“ಯಾಕಂದ್ರ? ಹುಡುಗಿ ಸಾಲ್ಯಾಗಿರಬೇಕು, ಇಲ್ಲ ಮನ್ಯಾಗಿರಬೇಕು. ಮೂರನೇ ಜಾಗ ಇರಬಾರದು. ನನ್ನ ಹೆಣ್ಮಕ್ಕಳನ್ನೂ ನಾ ಇಲ್ಲಿ ಹಾಕಿದ್ದು ಅದಕ್ಕ.”

“ಹಂಗಾದ್ರ ಆಗಸ್ಟ್ ತನಕ ಮೂವತ್ತೇಳು ದಿನ ಈ ಹುಡುಗಿ ಎಲ್ಲಿದ್ಲು? ಸಾಲ್ಯಾಗಿಲ್ಲ. ಮನಿ ಸಿರುಗುಪ್ಪದಾಗ. ಝೆರಾಕ್ಸ್ ಅಂಗಡಿ ಕಟ್ಟಿ ಮ್ಯಾಲೆ ಒಬ್ಬಾಕೀನ ಕುಂತಿದ್ಲು ಸಾರ್, ಹನ್ನೊಂದರ ಬಸ್ಸಿನತನಕ. ಆ ಮೂರನೇ ಜಾಗ ಕೊಟ್ಟೋರು ನಾವು, ಬೀಗ ಹಾಕಿ. ಸೆಪ್ಟೆಂಬರ್‌ದಿಂದ ಆಕಿ ಟೀಚರ್ ಕಣ್ಮುಂದ ಅದಾಳ. ನಿಯಮ ಮುರಿದದ್ದು ಯಾವಾಗ, ಪಾಲಿಸಿದ್ದು ಯಾವಾಗ, ನೀವ ಹೇಳ್ರಿ.”

ಕಾರ್ಯದರ್ಶಿಗಳು ಬಾಗಿಲ ಕಡೆ ನೋಡಿ, “ಏನವ್ವ, ಕಟ್ಟಿ ಮ್ಯಾಲೆ ಕುಂದ್ರತಾಳಂತ ನಿನಗ ಗೊತ್ತಿತ್ತೇನು?” ಎಂದರು.

“ಟೀಚರಮ್ಮ ಬಂದು ಹೇಳೋತನಕ ಗೊತ್ತಿರಲಿಲ್ರಿ ಸಾಹೇಬ್ರ,” ಎಂದಳು ಈರಮ್ಮ. “ಮನಿಗಿ ಬಂದು ಅರ್ಧ ದಿನ ಸೂಟಿ ಅಂತಿದ್ಲು. ನಾನೂ ಭಾಳ ಸೂಟಿ ಕೊಡೋ ಸಾಲಿ ಇದು ಅಂತ ಬೈಕೋತಿದ್ದೆ.”

ಹಿರಿಯರಲ್ಲಿ ಒಬ್ಬರು ಫಕ್ಕನೆ ನಕ್ಕರು. ಕಾರ್ಯದರ್ಶಿಗಳು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪೆನ್ನು ಕೇಳಿ ಎರಡು ಸಾಲು ಬರೆದರು. ಹಾಜರಿ ಇದ್ದಂತೆ ಇರಲಿ, ಹಾಸ್ಟೆಲು ತೆರೆಯುವವರೆಗೆ ಮೊದಲ ಡ್ರಿಲ್ ಹೊರಗೆ ನಡೆಯಲಿ. ಏಳುತ್ತ ನನಗೆ ಹೇಳಿದರು: “ಟೀಚರ್, ಬ್ಯಾಗ್ ಮಾತ್ರ ಇಳಸ್ರಿ. ಕೂಸುಗಳ ಬೆನ್ನು ಮುರೀತಾವು.”

ಸೋಮವಾರ ಹುಲಿಗೆಮ್ಮ ಓಣಿಯ ತುದಿಯಲ್ಲಿ ಕಾಣಿಸಿದಾಗ ಇಡೀ ತರಗತಿ ಡ್ರಿಲ್ ನಿಲ್ಲಿಸಿ ಚಪ್ಪಾಳೆ ತಟ್ಟಿತು. ಸೀಟಿ ಊದಬೇಕಿತ್ತು. ಊದಲಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ಇಷ್ಟು ಹೇಳುತ್ತೇನೆ. ಹಳೆಯ ಶಾಲೆಯ ನಿಯಮಗಳನ್ನು ಕಂಡು ಸಿಡುಕಬೇಡಿ. ಅವು ಯಾವ ಕಾಳಜಿಯಿಂದ ಹುಟ್ಟಿದವೆಂದು ಕೇಳಿ ತಿಳಿಯಿರಿ. ಆ ಕಾಳಜಿಯನ್ನೇ ಹಿಡಿದು ವಾದಿಸಿದರೆ ನಿಯಮದವರು ನಿಮ್ಮ ಕಡೆಗೆ ಬರುತ್ತಾರೆ. ಆ ವಾದ ನನಗೆ ಹೊಳೆದಿರಲಿಲ್ಲ. ನಾನು ಕಿಂಡಿಯನ್ನಷ್ಟೇ ಹುಡುಕಿದ್ದೆ, ಬಾಗಿಲು ತೆರೆದವರು ಸುಮಂಗಲಾ.

ಪರೀಕ್ಷೆಯ ಹಾಲ್ ಟಿಕೆಟ್ ಬಂದವು, ಮೂವರದೂ. ಪರೀಕ್ಷೆಯ ದಿನಗಳಲ್ಲಿ ಈರಮ್ಮ ತಾನೇ ಮಗಳೊಡನೆ ಮೊದಲ ಬಸ್ಸಿಗೆ ಹತ್ತಿ, ಬಾಗಿಲಲ್ಲಿ ಜನರನ್ನು ಒತ್ತಿ ಜಾಗ ಮಾಡಿ ಕರೆತಂದಳು.

ಫಲಿತಾಂಶದ ದಿನ ಬೆಳಿಗ್ಗೆ ನನ್ನ ಫೋನು ಬಡಿಯಿತು. ಆ ಕಡೆ ಗಿರಣಿಯ ಗಡಗಡ ಸದ್ದು, ಅದರ ನಡುವೆ ಈರಮ್ಮ. “ಟೀಚರಮ್ಮ, ಪಾಸಂತ ಬಂದೈತಂತ. ಫೋನ್ಯಾಗ ಏನೇನೋ ಅಂಕಿ ಐತಿ, ನನಗ ತಿಳಿಯಂಗಿಲ್ಲ. ಈಕಿ ಅಳಾಕ ಹತ್ತ್ಯಾಳ, ಹೇಳವಲ್ಲಳು. ನೀವ ನೋಡಿ ಹೇಳ್ರಿ.”

ನೋಡಿದೆ. ಫಸ್ಟ್ ಕ್ಲಾಸ್. ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು. ಹೇಳಿದೆ. ಅವಳಿಗೆ ಕೇಳಿಸಲಿಲ್ಲ. ಮತ್ತೆ ಹೇಳಿದೆ. ಆಗಲೂ ಕೇಳಿಸಲಿಲ್ಲ.

“ನಿಲ್ರಿ,” ಎಂದಳು. ಫೋನಿನಿಂದ ಬಾಯಿ ಸರಿಸಿ ಅವಳು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿತು: “ಏ, ಮಿಷನ್ ಬಂದ್ ಮಾಡ್ರಲೇ ಒಂದೀಟು.”

ಗಿರಣಿ ಒಮ್ಮೆ ಗುರುಗುಟ್ಟಿ ನಿಂತಿತು.

“ಈಗ ಹೇಳ್ರಿ ಟೀಚರಮ್ಮ. ಎಲ್ಲಾರಿಗೂ ಕೇಳಂಗ ಹೇಳ್ರಿ.”

ಮೈದಾನದಲ್ಲಿ ಹಾಜರಿ ಕರೆಯುವ ದನಿಯಲ್ಲಿ ಹೇಳಿದೆ.

ಬೀಗದ ಈ ಪದ್ಧತಿಯನ್ನು ಮೊದಲು ತಂದವರು ಯಾರು, ಯಾವ ಹುಡುಗಿಯ ಕಾರಣಕ್ಕೆ ತಂದರು ಎಂಬುದು ನನ್ನ ದಿನಚರಿಗಳಲ್ಲಿ ಇಲ್ಲ, ಕೇಳಿದವರಿಗೂ ತಿಳಿಯದು. ನಮ್ಮ ಶಾಲೆಯಲ್ಲಿ ಓದಿದ ಹಿರಿಯರು ಯಾರಿಗಾದರೂ ನೆನಪಿದ್ದರೆ, ಅಜ್ಜಿಯರಿಂದ ಕೇಳಿದ್ದರೆ, ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆದು ತಿಳಿಸಿ. ಬಸ್ಸಿಗೆ ಬರುವ ಹುಡುಗಿಯರಿಗಾಗಿ ಬೇರೆ ಶಾಲೆಗಳಲ್ಲಿ ಏನು ಮಾಡಿದ್ದೀರಿ ಎಂಬುದನ್ನೂ ಬರೆಯಿರಿ. ಹೊಸ ಡ್ರಿಲ್ ಟೀಚರಿಗೆ ಬೇಕಾಗಿದೆ.